ಸಿರೊಂಚಾದಲ್ಲಿ ವಿಶ್ರಾಂತಿಯ ದಿನ

ಸಿರೊಂಚಾ
ಮಂಗಳವಾರ, 6 ಫೆಬ್ರವರಿ 2024

ಪ್ರಿಯ ಬುಡನ್,

ನನ್ನ ನಂಬರನ್ನು ನಿನ್ನ ಫೋನಿನಲ್ಲಿ ಬ್ಲಾಕ್ ಮಾಡಿದ್ದೀಯೆಂದು ನಿನ್ನ ಮಗಳು ಶಕೀಲಾ ಹೇಳಿದಳು. ಅಂಚೆಯವನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಯಾವ ಫೋನಿಗೂ ಬಂದಿಲ್ಲ, ಹಾಗಾಗಿ ಈ ಕಾಗದ.

ನಾನೀಗ ಎಲ್ಲಿದ್ದೇನೆ ಗೊತ್ತೇ? ತೆಲಂಗಾಣ ಮುಗಿದು, ಗೋದಾವರಿ ದಾಟಿದರೆ ಮಹಾರಾಷ್ಟ್ರದ ಒಂದು ಮೂಲೆ. ಅಲ್ಲಿಯ ಸಿರೊಂಚಾ ಎಂಬ ಊರು. ಸ್ಕೂಲಿನ ಅಟ್ಲಾಸಿನಲ್ಲಿ ನೀನು ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದೆಯಲ್ಲ, ಗುಬ್ಬಿಯಿಂದ ನರ್ಮದೆಗೆ? ಆ ಗೆರೆಯ ಮೇಲೆಯೇ ಬಂದಿದ್ದೇನೆ. ನಮ್ಮ ಯೆಜ್ಡಿ ಬೈಕಿನಲ್ಲಿ. ಐದು ದಿನ ಓಡಿಸಿ ಆರನೇ ದಿನ ಒಂದು ಕಡೆ ನಿಲ್ಲಬೇಕು, ಕಬ್ಬಿಣಕ್ಕೂ ಸುಸ್ತಾಗುತ್ತದೆ ಎಂದು ನೀನು ಹೇಳುತ್ತಿದ್ದೆ. ಇವತ್ತು ಆರನೇ ದಿನ. ನಿಂತಿದ್ದೇನೆ.

ಊರು ಎನ್ನಲು ಇಲ್ಲಿ ಹೆಚ್ಚೇನೂ ಇಲ್ಲ. ಒಂದು ಮುಖ್ಯ ಬೀದಿ, ಬಸ್ ನಿಲ್ದಾಣ, ಬೀದಿ ತುಂಬ ಮೇಕೆಗಳು. ಲಾಡ್ಜಿನ ಹಾಸಿಗೆಯ ಮಧ್ಯೆ ಹಳ್ಳ ಬಿದ್ದಿದೆ, ನನಗಿಂತ ಮೊದಲು ಮಲಗಿದವರೆಲ್ಲ ಒಂದೇ ಜಾಗದಲ್ಲಿ ಮಲಗಿದಂತಿದೆ. ಟೀ ಎಂದು ಕೊಟ್ಟದ್ದು ಬಿಸಿ ಸಕ್ಕರೆ ನೀರು. ಲಾಡ್ಜಿನವನನ್ನು ಇಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ, ಬಹಳ ಹೊತ್ತು ಯೋಚಿಸಿ, "ನದಿ" ಎಂದ. ಹೋಗಿ ನೋಡಿದೆ. ನದಿಯೇ. ಎರಡು ನದಿ ಸೇರುವ ಜಾಗ. ಆದರೂ ನೋಡಿದರೆ ಎದೆ ಅಗಲವಾಗುವಷ್ಟು ನೀರು, ಅದನ್ನು ಒಪ್ಪುತ್ತೇನೆ.

ಪಕ್ಕದ ರೂಮುಗಳಲ್ಲಿ ಬೆಂಗಳೂರಿನ ಆರು ಜನ ಬೈಕಿನ ಹುಡುಗರು. ಅವರಿಗೂ ಇವತ್ತು "ರೆಸ್ಟ್ ಡೇ." ವಿಶ್ರಾಂತಿ ಎಂದರೆ ಏನು ಮಾಡುತ್ತಾರೆ ನೋಡು: ಬೆಳಿಗ್ಗೆ ಎದ್ದು ಗಾಡಿಗಳನ್ನು ನದಿಯ ದಂಡೆಗೆ ಇಳಿಸಿ ಎಮ್ಮೆ ಮೈ ತೊಳೆದಂತೆ ತೊಳೆದರು. ಆಮೇಲೆ ಹೆಲ್ಮೆಟ್ಟಿಗೆ ಅಂಟಿಸಿದ ಕ್ಯಾಮೆರಾಗಳ ಜೊತೆ ಮಾತಾಡಿದರು. ಪರಸ್ಪರ ಒಂದು ಮಾತಿಲ್ಲ, ಎಲ್ಲವೂ ಕ್ಯಾಮೆರಾಕ್ಕೆ. ಮೊಣಕಾಲಿಗೆ, ಮೊಣಕೈಗೆ, ಎದೆಗೆಲ್ಲ ಪ್ಲಾಸ್ಟಿಕ್ ಚಿಪ್ಪು ಕಟ್ಟಿಕೊಂಡ ಈ ಆಮೆಗಳು ದೇಶ ನೋಡಲು ಹೊರಟಿವೆ! ಒಬ್ಬ ನನ್ನ ಹತ್ತಿರ ಬಂದು, "ಅಂಕಲ್, ಈ ಗಾಡಿ ಕೊಡ್ತೀರಾ? ವಿಂಟೇಜ್ ಪೀಸು," ಎಂದ. "ನಾನೂ ವಿಂಟೇಜೇ ಕಣಪ್ಪ, ಜೊತೆಗೇ ತಗೊಂಡೋಗು," ಎಂದೆ. ಅವನು ನಗಲಿಲ್ಲ. ಅವರಿಗೆ ಕನ್ನಡದ ನಗು ಅರ್ಥವಾಗುವುದಿಲ್ಲ.

ಗಾಡಿ ನಿನ್ನೆ ಒಂದು ಆಟ ಆಡಿಸಿತು. ಸೇತುವೆ ದಾಟಿದ ಮೇಲೆ ಕ್ಲಚ್ ಕೇಬಲ್ ತುಂಡಾಯಿತು. ಬಿಸಿಲಿನಲ್ಲಿ ತಳ್ಳಿಕೊಂಡು ಊರು ಸೇರಿದೆ. ಅಶ್ಫಾಕ್ ಎಂಬ ಮೆಕ್ಯಾನಿಕ್ ಸಿಕ್ಕಿದ, ನಲವತ್ತರ ವಯಸ್ಸು. ಇವತ್ತು ಬೆಳಿಗ್ಗೆ ಬೇರೆ ಗಾಡಿಯ ಕೇಬಲ್ ಕತ್ತರಿಸಿ ಹೊಂದಿಸಿ ಕೊಟ್ಟ. ಒಳ್ಳೆಯ ಮನುಷ್ಯ.

ನಾನು ಹೊರಡುವಾಗ ನಮ್ಮನೆಯವಳು ಉಮಾ, "ಈ ವಯಸ್ಸಲ್ಲಿ ನರ್ಮದೇನೂ ಬೇಡ, ಗೋದಾವರೀನೂ ಬೇಡ, ಸೊಂಟ ನೋಡ್ಕಳಿ," ಎಂದಳು. ಸೊಂಟ ಅವಳ ಪಕ್ಷಕ್ಕೇ ಸೇರಿದೆ. ನಾಳೆ ಬೆಳಿಗ್ಗೆ ಉತ್ತರಕ್ಕೆ ಹೊರಡುತ್ತೇನೆ. ನೀನೂ ಇರಬೇಕಾಗಿತ್ತು.

ನಿನ್ನ,
ಮಹಾಲಿಂಗಯ್ಯ

•

ಕೊತ್ತಗೆರೆ, ಕುಣಿಗಲ್ ತಾಲ್ಲೂಕು
20 ಫೆಬ್ರವರಿ 2024

ಶ್ರೀಯುತ ಮಹಾಲಿಂಗಯ್ಯನವರಿಗೆ,
ನಿವೃತ್ತ ಕನ್ನಡ ಪಂಡಿತರು, ಕಾರ್ಯದರ್ಶಿಗಳು, ಸಮುದಾಯ ಭವನ ಸಮಿತಿ, ಗುಬ್ಬಿ.

ತಮ್ಮ ಕಾಗದ ತಲುಪಿತು. ಕನ್ನಡಕ ಸಿಗದ್ದರಿಂದ ತಮ್ಮ ಶಿಷ್ಯೆ ಶಕೀಲಾಳೇ ಓದಿದಳು. ಓದಿ ಮುಗಿಸಿ, "ಅಬ್ಬಾ, ಮೇಷ್ಟ್ರು ಎಷ್ಟು ಚೆನ್ನಾಗಿ ಬರ್ದವ್ರೆ," ಎಂದಳು. "ಅವ್ರು ಯಾವತ್ತು ಕೆಟ್ದಾಗಿ ಬರ್ದಿದ್ರು?" ಎಂದೆ. ಕಳೆದ ನವೆಂಬರಿನಲ್ಲಿ ಬಂದ ನೋಟೀಸೂ ಚೆನ್ನಾಗಿಯೇ ಇತ್ತಲ್ಲ. ಅದೇ ದುಂಡನೆಯ ಅಕ್ಷರ. ಒಂದು ಕಾಗುಣಿತದ ತಪ್ಪಿಲ್ಲ. "ಸಮಾಜದವರಲ್ಲದವರಿಗೆ ಮಳಿಗೆಗಳ ಬಾಡಿಗೆಯನ್ನು ನವೀಕರಿಸದಿರಲು ಸರ್ವಾನುಮತದಿಂದ ತೀರ್ಮಾನಿಸಲಾಗಿದೆ." ಲಕೋಟೆ ಕೈಗೆ ಬಂದಾಗ ಅಕ್ಷರ ಗುರುತಿಸಿ, ಅವನ ಮಗಳು ಭೂಮಿಕಾಳ ಮದುವೆ ಗೊತ್ತಾಯಿತೇನೋ, ಮೊದಲ ಕರೆಯೋಲೆ ನನಗೇ ಕಳಿಸಿದ್ದಾನೆ ಎಂದುಕೊಂಡು ಕೈಯ ಗ್ರೀಸ್ ಒರೆಸಿಕೊಂಡು ಒಡೆದೆ. ಸಂತೋಷ ಎಷ್ಟು ಹೊತ್ತು ಇತ್ತು ಎಂದರೆ, ಲಕೋಟೆ ಒಡೆಯುವಷ್ಟು ಹೊತ್ತು.

ಸರ್ವಾನುಮತ. ಭವನದ ಮಳಿಗೆಗಳಲ್ಲಿ ಸಮಾಜದವನಲ್ಲದವನು ನಾನೊಬ್ಬನೇ. ನೇರವಾಗಿ ಹೆಸರು ಬರೆಯಬಹುದಿತ್ತು. ಆದರೆ ಪಂಡಿತರಿಗೆ ವ್ಯಾಕರಣ ಗೊತ್ತಿರುತ್ತದೆ, ಮನುಷ್ಯನ ಹೆಸರಿಲ್ಲದೆ ಮನುಷ್ಯನನ್ನು ಹೊರಗೆ ಹಾಕುವ ವಾಕ್ಯ ಕಟ್ಟಬಲ್ಲರು.

ಆ ಹುಡುಗರನ್ನು ಆಮೆ ಎಂದಿದ್ದೀರಿ. ಗಾಡಿ ತೊಳೆದರು, ಕ್ಯಾಮೆರಾಕ್ಕೆ ಮಾತಾಡಿದರು. ಅದರಿಂದ ಯಾರ ಹೊಟ್ಟೆಗೆ ಏನಾಯಿತು? ಚಿಪ್ಪಿನೊಳಗೆ ತಲೆ ಎಳೆದುಕೊಳ್ಳುವುದು ಯಾರ ಗುಣವೆಂದು ನಾನು ಡಿಸೆಂಬರ್ ಮೂವತ್ತೊಂದರಂದು ನೋಡಿದ್ದೇನೆ. ಮೂವತ್ತೊಂದು ವರ್ಷದ ರಿಪೇರಿ ಅಂಗಡಿಯನ್ನು ಟ್ರ್ಯಾಕ್ಟರಿಗೆ ತುಂಬುತ್ತಿದ್ದೆವು. ಲೇತ್ ಎತ್ತಲು ಆರು ಜನ ಬೇಕಾಯಿತು. ಎದುರಿನ ತಮ್ಮ ಮನೆಯಿಂದ ತಂಗಿ ಉಮಾ ಫ್ಲಾಸ್ಕಿನಲ್ಲಿ ಕಾಫಿ ತಂದಳು. ಲೋಟದ ಕಡೆ ನೋಡದೆ ಬಗ್ಗಿಸಿ ಅರ್ಧ ನೆಲಕ್ಕೆ ಚೆಲ್ಲಿದಳು. "ಅಣ್ಣ, ಅವ್ರು ಕಣ್ಣು ತೋರಿಸೋಕೆ ತುಮಕೂರಿಗೆ ಹೋಗವ್ರೆ," ಎಂದಳು. ತಮ್ಮ ಚಪ್ಪಲಿ ಬಾಗಿಲಲ್ಲೇ ಇತ್ತು, ಪಂಡಿತರೇ. ಎರಡೂ.

ಈಗ ನದಿಯ ವರ್ಣನೆ ಬರೆದಿದ್ದೀರಿ. "ನೀನೂ ಇರಬೇಕಾಗಿತ್ತು" ಎಂದು ಬರೆಯಲು ತಮಗೆ ಕೈ ಬಂತಲ್ಲ, ಅದಕ್ಕೇ ನಾಲ್ಕು ಸಲ ಓದಿಸಿದೆ. ಇಬ್ಬರೂ ಸೇರಿ ತುಮಕೂರಿನ ಗುಜರಿಯಿಂದ ತಂದ ಗಾಡಿ, ಇಬ್ಬರೂ ಸೇರಿ ಎಳೆದ ಗೆರೆ. ನನ್ನನ್ನು ಊರಿನಿಂದ ಎಬ್ಬಿಸಿ ಒಂದು ತಿಂಗಳು ತುಂಬುತ್ತಲೇ ತಾವು ಆ ದಾರಿ ಹಿಡಿದಿರಿ. ಓಡಿಹೋದವನು ಮೋಟಾರ್‌ಸೈಕಲ್ಲಿನಲ್ಲಿ ಹೋದರೆ ಅದಕ್ಕೆ ಪ್ರವಾಸ ಎನ್ನುತ್ತಾರೆ.

ಕೇಬಲ್ ತುಂಡಾಗಲು ಕಾರಣ ಎಣ್ಣೆ ಕಾಣದಿದ್ದದ್ದು. ತಿಂಗಳಿಗೊಮ್ಮೆ ಮೇಲಿನ ತುದಿಯಲ್ಲಿ ಎರಡು ಹನಿ ಬಿಡಬೇಕು. ಇದನ್ನು ಗಾಡಿಗಾಗಿ ಹೇಳಿದ್ದು, ತಮಗಾಗಿ ಅಲ್ಲ.

ಇತಿ,
ಬುಡನ್ ಸಾಬ್

•

ಗುಬ್ಬಿ
3 ಮಾರ್ಚ್ 2024

ಬುಡನ್,

ಐವತ್ತೈದು ವರ್ಷಗಳಲ್ಲಿ ನೀನು ನನ್ನನ್ನು "ತಾವು" ಎಂದದ್ದು ಇದೇ ಮೊದಲು. ಬೈದಿದ್ದರೆ ಚೆನ್ನಾಗಿತ್ತು.

ನಾನು ನರ್ಮದೆಗೆ ಹೋಗಲಿಲ್ಲ. ಸಿರೊಂಚಾದಿಂದ ಮಾರನೇ ದಿನ ಬೆಳಿಗ್ಗೆ ಗಾಡಿ ತಿರುಗಿಸಿ ಊರಿಗೆ ಬಂದುಬಿಟ್ಟೆ. ಸೊಂಟ ನೋವೆಂದು ಎಲ್ಲರಿಗೂ ಹೇಳಿದ್ದೇನೆ.

ನೋಟೀಸಿನ ವಿಷಯ. ಸಮಿತಿಯಲ್ಲಿ ಒಂಬತ್ತು ಜನ. ಅಧ್ಯಕ್ಷ ಸಿದ್ದಯ್ಯನವರು ಮಾತು ಎತ್ತಿದಾಗಲೇ ಉಳಿದವರೆಲ್ಲ ತೀರ್ಮಾನ ಮಾಡಿಕೊಂಡು ಬಂದಿದ್ದರು. ಶಿವಮೂರ್ತಿ, "ಈಗ ಎಲ್ಲಾ ಕಡೆ ಹಿಂಗೇ ನಡೀತಾ ಐತೆ ಮೇಷ್ಟ್ರೇ, ನಾವೊಬ್ರು ಬುಟ್ರೆ ಜನ ಏನಂತಾರೆ," ಎಂದ. ನಾನೊಬ್ಬ ಬೇಡವೆಂದಿದ್ದರೂ ಎಂಟು ಮತ ಇದ್ದವು. ನಾನು ಬರೆಯದಿದ್ದರೆ ಬೇರೆಯವರು ಬರೆಯುತ್ತಿದ್ದರು, ಇನ್ನೂ ಒರಟಾಗಿ ಬರೆಯುತ್ತಿದ್ದರು. ಮತ್ತೆ, ನಿನಗೆ ಗೊತ್ತಿರಲಿ, ಸಿದ್ದಯ್ಯನವರ ತಂಗಿಯ ಮಗನಿಗೆ ನಮ್ಮ ಭೂಮಿಕಾಳನ್ನು ಕೇಳಿದ್ದರು. ಅವಳಿಗೆ ಇಪ್ಪತ್ತೊಂಬತ್ತು. ಹೆಣ್ಣು ಹೆತ್ತವನ ಸಂಕಟ ನಿನಗೂ ತಿಳಿದಿದೆ.

ನೀನು ಅಂಗಡಿ ಖಾಲಿ ಮಾಡಿದ ದಿನ ನಾನು ಮನೆಯಲ್ಲೇ ಇದ್ದೆ. ನಿಜ.

ಒಂದು ಮಾತು ಕೇಳುತ್ತೇನೆ, ಇಲ್ಲ ಎನ್ನಬೇಡ. ಯೆಜ್ಡಿಯನ್ನು ನೀನೇ ಇಟ್ಟುಕೊ. ಪೂರ್ತಿ ನಿನಗೇ. ಹೇಳು, ಯಾರ ಕೈಲಾದರೂ ಕೊತ್ತಗೆರೆಗೆ ಕಳಿಸುತ್ತೇನೆ.

ನಿನ್ನ,
ಮಹಾಲಿಂಗಯ್ಯ

•

ಕೊತ್ತಗೆರೆ
10 ಮಾರ್ಚ್ 2024

ಶ್ರೀಯುತರಿಗೆ,

ಒಂಬತ್ತು ಜನರಲ್ಲಿ ಎಂಟು ಜನರನ್ನು ನಾನು ಯಾವತ್ತೂ ಗೆಳೆಯರೆಂದು ಕರೆದಿರಲಿಲ್ಲ. ಹಾಗಾಗಿ ಆ ಎಂಟು ಜನ ನನಗೆ ಮಾಡಿದ್ದು ದೊಡ್ಡದಲ್ಲ.

ಬೇರೆಯವರು ಒರಟಾಗಿ ಬರೆಯುತ್ತಿದ್ದರೆಂದು ಬರೆದಿದ್ದೀರಿ. ಅಂದರೆ ತಾವು ಬರೆದದ್ದು ನನ್ನ ಮೇಲಿನ ಮಮತೆಯಿಂದ! ಕುರಿ ಕೊಯ್ಯುವವನು ಕತ್ತಿಯನ್ನು ಚೆನ್ನಾಗಿ ಮಸೆದು ತಂದೆ ಎಂದು ಕುರಿಯ ಹತ್ತಿರ ಹೇಳಿಕೊಂಡ ಹಾಗಿದೆ.

ಭೂಮಿಕಾಳನ್ನು ಇದರೊಳಗೆ ಎಳೆಯಬೇಡಿ. ಆ ಮಗು ಸೈಕಲ್ ಕಲಿತದ್ದು ನನ್ನ ನಾಲ್ಕನೇ ನಂಬರ್ ಮಳಿಗೆಯ ಮುಂದೆ. ಅವಳ ಹೆಸರಿನ ಹಿಂದೆ ಬಚ್ಚಿಟ್ಟುಕೊಳ್ಳಲು ಅವಳನ್ನು ಕೇಳಿದ್ದೀರಾ?

ಗಾಡಿ ಬೇಡ. "ಯಾರ ಕೈಲಾದರೂ" ಕಳಿಸುವವರ ದಾನ ನನಗೆ ಬೇಡ. ನಾಡಿದ್ದಿನಿಂದ ರಂಜಾನ್. ಉಪವಾಸದಲ್ಲಿ ಯಾರನ್ನೂ ಬೈಯಬಾರದು. ದಯವಿಟ್ಟು ಕಾಗದ ಬರೆದು ನನ್ನ ರೋಜಾ ಕೆಡಿಸಬೇಡಿ.

ಬುಡನ್ ಸಾಬ್

•

ಗುಬ್ಬಿ
28 ಏಪ್ರಿಲ್ 2024

ಬುಡನ್,

ನೀನು ಹೇಳಿದಂತೆ ಸುಮ್ಮನಿದ್ದೆ. ಹಬ್ಬವೂ ಮುಗಿಯಿತು. ಈ ಸಲ ನಮ್ಮ ಮನೆಗೆ ಶೀರ್ ಕುರ್ಮಾ ಪಾಯಸದ ಡಬ್ಬಿ ಬರಲಿಲ್ಲ. ಉಮಾ ಸಂಜೆಯವರೆಗೂ ಗೇಟಿನ ಕಡೆ ನೋಡುತ್ತಲೇ ಇದ್ದಳು, ನನ್ನ ಜೊತೆ ಮಾತಾಡಲಿಲ್ಲ. ಡಿಸೆಂಬರಿನಿಂದಲೂ ಅವಳು ನನ್ನ ಜೊತೆ ಮಾತಾಡುವುದು ಉಪ್ಪು, ಹಾಲು, ಮಾತ್ರೆ ಇಷ್ಟರ ಬಗ್ಗೆ ಮಾತ್ರ.

ಸಿರೊಂಚಾದ ಆ ದಿನದ ಬಗ್ಗೆ ನಿನಗೆ ಪೂರ್ತಿ ಬರೆದಿರಲಿಲ್ಲ. ಮೊದಲ ಕಾಗದ ಬರೆಯುವಾಗ ಸಂಜೆಯಾಗಿತ್ತು. ಬರೆಯಬೇಕಾದದ್ದು ಬೆಳಿಗ್ಗೆಯೇ ನಡೆದಿತ್ತು.

ಅಶ್ಫಾಕ್ ಕೇಬಲ್ ಹಾಕುವ ಮೊದಲು ಕ್ಲಚ್ಚಿನ ಮುಚ್ಚಳ ಬಿಚ್ಚಿದ. ಒಳಗೆ ನೀನು ಲೇತ್‌ನಲ್ಲಿ ಮಾಡಿ ಕೂರಿಸಿದ ಹಿತ್ತಾಳೆಯ ಉಂಗುರದಂಥ ಬುಷ್ ಇದೆಯಲ್ಲ, ಅದನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು, ಬೆರಳಾಡಿಸಿದ. "ಇದು ಕಂಪ್ನಿ ಮಾಲ್ ಅಲ್ಲ. ಯಾರ ಕೈ ಕೆಲ್ಸ ಸಾಬ್ ಇದು?" ಎಂದು ಹೈದರಾಬಾದಿನ ಕಡೆಯ ಉರ್ದುವಿನಲ್ಲಿ ಕೇಳಿದ. ನಿನ್ನ ಜೊತೆ ಇದ್ದು ಅಷ್ಟು ನನಗೆ ಬರುತ್ತದೆ. ನನ್ನ ಗೆಳೆಯನದು, ಬುಡನ್ ಎಂದು, ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಅವನು ಇಡೀ ಎಂಜಿನ್ನನ್ನು ನೋಡುತ್ತ ಹೋದ. ನೀನು ಕೈಯಲ್ಲಿ ಕತ್ತರಿಸಿದ ಗ್ಯಾಸ್ಕೆಟ್ ನೋಡಿದ, ಬೆಸುಗೆ ನೋಡಿದ. "ಇಂಥಾ ಉಸ್ತಾದ್ ನಿಮ್ಮ ದೋಸ್ತ್ ಆದ್ರೆ, ಅವ್ರನ್ನ ಯಾಕೆ ಜೊತೇಲಿ ಕರ್ಕೊಂಡು ಬರ್ಲಿಲ್ಲ? ಎಲ್ಲಿದ್ದಾರೆ ಈಗ?" ಎಂದ.

ಸುಲಭದ ಪ್ರಶ್ನೆ, ಬುಡನ್. ಕುಣಿಗಲ್ ಹತ್ತಿರ ಮಗಳ ಮನೆಯಲ್ಲಿದ್ದಾನೆ ಎಂದರೆ ಮುಗಿಯುತ್ತಿತ್ತು. ಆದರೆ ಅವನು ಮತ್ತೆ ಯಾಕೆ ಎಂದು ಕೇಳಿದರೆ? ಅಂಗಡಿ ಏನಾಯಿತು ಎಂದರೆ? ಎದುರಿಗೆ ಕೂತು ಗಾಡಿ ರಿಪೇರಿ ಮಾಡುತ್ತಿರುವವನು ನಿನ್ನವನೇ. ನನ್ನ ಬಾಯಲ್ಲಿ ಬಂದದ್ದು ಇಷ್ಟು: "ತೀರ್ಕೊಂಡ್ರು."

ಅವನು ಸ್ಪ್ಯಾನರ್ ಕೆಳಗಿಟ್ಟ. ಎದ್ದುಹೋಗಿ ಡ್ರಮ್ಮಿನ ನೀರಿನಲ್ಲಿ ಕೈ ತೊಳೆದ, ಮೊಣಕೈವರೆಗೆ, ಗ್ರೀಸೆಲ್ಲ ಹೋಗುವವರೆಗೆ. ಜೇಬಿನಿಂದ ಟೋಪಿ ತೆಗೆದು ಹಾಕಿಕೊಂಡ. "ಹೆಸ್ರು ಬುಡನ್ ಅಂದ್ರಲ್ವಾ?" ಎಂದು ಇನ್ನೊಮ್ಮೆ ಕೇಳಿ, ಎರಡೂ ಕೈ ಎತ್ತಿ, ತೀರಿಹೋದವರಿಗೆ ಓದುವ ಫಾತಿಹಾವನ್ನು ನಿನಗಾಗಿ ಓದಿದ. ಪಕ್ಕದ ಪಂಕ್ಚರ್ ಅಂಗಡಿಯವನೂ ಬಂದು ಕೈ ಎತ್ತಿದ. ನಾನು ತಲೆ ತಗ್ಗಿಸಿ ನಿಂತಿದ್ದೆ. ಬದುಕಿರುವ ನಿನಗೆ. ನಿಲ್ಲಿಸಿ ಎನ್ನಲು ಆಗಲಿಲ್ಲ.

ಆಮೇಲೆ ಅವನು ಕಾಸು ಮುಟ್ಟಲಿಲ್ಲ. "ಉಸ್ತಾದರ ಗಾಡಿ," ಎಂದ. ಆ ಗಾಡಿ ಹತ್ತಿ ನರ್ಮದೆಗೆ ಹೋಗುವುದು ಹೇಗೆ? ಇದು ನಡೆದದ್ದು.

ಅವನ ಕಾರ್ಡು ಇದರ ಜೊತೆ ಇಟ್ಟಿದ್ದೇನೆ. ನಾನೇ ಫೋನ್ ಮಾಡಿ ನಿಜ ಹೇಳಬೇಕೆಂದು ಎಷ್ಟೋ ಸಲ ನಂಬರ್ ಒತ್ತಿದೆ. ಆಗಲಿಲ್ಲ.

ಮಹಾಲಿಂಗಯ್ಯ

•

ಕೊತ್ತಗೆರೆ
9 ಮೇ 2024

ಏನ್ಲಾ ಲಿಂಗ,

ಥೂ! ಬಾಡಿಗೆ ಬಿಡಿಸಿದ್ದು ಸಾಲದು ಎಂದು ಉಸಿರೂ ಬಿಡಿಸಿದೆಯಾ? ಕಾಗದ ಓದುವಾಗ ಶಕೀಲಾ ಅರ್ಧಕ್ಕೆ ನಿಲ್ಲಿಸಿದಳು. ಕಿತ್ತುಕೊಂಡು ನಾನೇ ಓದಿದೆ. ಅದಾದ ಮೇಲೆ ಅವಳು ಹೊರಗೆ ಹೋಗಿ ಒಬ್ಬಳೇ ನಕ್ಕಳೋ ಅತ್ತಳೋ, ನನಗೆ ಕಾಣದ ಹಾಗೆ ಸೆರಗು ಮುಚ್ಚಿಕೊಂಡಿದ್ದಳು.

ನಿನ್ನ ಹೇಡಿತನಕ್ಕೆ ಒಂದು ತಳ ಇದೆಯೆಂದು ಇಷ್ಟು ದಿನ ತಿಳಿದಿದ್ದೆ. ಇಲ್ಲ. ಕೊನೆಗೆ, ನಾನು ಬದುಕಿದ್ದೇನೆ ಎಂಬ ಸುದ್ದಿಯನ್ನೂ ನಾನೇ ತಿಳಿಸಬೇಕೆಂದು ಕಾರ್ಡು ಕಳಿಸಿದ್ದೀಯ. ಸರಿ, ತಿಳಿಸಿದೆ. ಹೇಗೆ ನಡೆಯಿತು ಎಂದು ಕೇಳು.

"ಅಶ್ಫಾಕ್ ಭಾಯಿನಾ?" ಎಂದೆ. ಹೌದು, ಯಾರು ಎಂದ. "ನಾನು ಗುಬ್ಬಿ ಬುಡನ್. ಫೆಬ್ರವರಿಯಲ್ಲಿ ನನಗೆ ಫಾತಿಹಾ ಓದಿದ್ರಂತಲ್ಲ."

ಸ್ಪ್ಯಾನರ್ ಕೆಳಗೆ ಬಿದ್ದ ಸದ್ದು ಕೇಳಿಸಿತು. ಆಮೇಲೆ ಮೆಲ್ಲಗೆ, "ಚಾಚಾ, ಎಲ್ಲಿಂದ ಮಾತಾಡ್ತಾ ಇದೀರಾ?" ಎಂದ.

"ಕುಣಿಗಲ್ ತಾಲ್ಲೂಕಿಂದ. ಇನ್ನೂ ಮೇಲಕ್ಕೆ ಹೋಗಿಲ್ಲ," ಎಂದೆ.

ಅವನು ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಪಂಕ್ಚರಿನವನನ್ನೂ ಕರೆದು ಹೇಳಿದ. ಅವನೂ ನಕ್ಕ. ನಕ್ಕು ಮುಗಿದ ಮೇಲೆ ಅಶ್ಫಾಕ್, "ಆದ್ರೆ ಚಾಚಾ, ಆ ಮುದುಕ ಅಷ್ಟು ಅತ್ನಲ್ಲ! ಟೈರ್ ಮೇಲೆ ಕೂತ್ಬಿಟ್ಟ. ಮಧ್ಯಾಹ್ನದವರ್ಗೂ ಕೂರ್ಸಿ ಟೀ ಕುಡ್ಸಿ ಕಳ್ಸಿದ್ದು ನಾನು. ಸುಳ್ಳಿಗೆ ಯಾರೂ ಹಂಗೆ ಅಳಲ್ಲ. ಅವ್ನು ಯಾಕೆ ಹಂಗಂದ?" ಎಂದ.

ನೀನು ಅತ್ತದ್ದನ್ನು ನಿನ್ನ ಕಾಗದದಲ್ಲಿ ಬರೆದಿರಲಿಲ್ಲ.

ಈಗ ನನ್ನ ಸರದಿ ಬಂತು ನೋಡು. ಹೇಳಬಹುದಿತ್ತು. ನೋಟೀಸು, ಮಳಿಗೆ, ಚಪ್ಪಲಿ, ಎಲ್ಲ ನಾಲಿಗೆಯ ತುದಿಗೆ ಬಂತು. ಆದರೆ ನಾನು ಹೇಳಿದ್ದು, "ಅವ್ನಿಗೆ ವಯಸ್ಸಾಗದೆ ಭಾಯಿ, ಮರೆವು. ಯಾರ್ ಸತ್ರು ಯಾರ್ ಬದ್ಕವ್ರೆ ಗೊತ್ತಾಗಲ್ಲ," ಎಂದು. ಫೋನ್ ಇಟ್ಟ ಮೇಲೆ ನನ್ನ ಮೇಲೆಯೇ ನನಗೆ ಅಸಹ್ಯವಾಯಿತು. ನಿನ್ನ ಮಾನ ಉಳಿಸಲು ಹೇಳಿದೆ ಎಂದುಕೊಂಡು ಬೀಗಬೇಡ. ಐವತ್ತೈದು ವರ್ಷ ಒಬ್ಬ ಮನುಷ್ಯನನ್ನು ಸರಿಯಾಗಿ ನೋಡದೆ ಜೊತೆಗೆ ಓಡಾಡಿದೆ ಎಂದು ಪರವೂರಿನವನ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು, ಅಷ್ಟೇ.

ಒಂಬೈನೂರು ಕಿಲೋಮೀಟರ್ ಆಚೆ, ನಿನ್ನ ಹೆಸರೂ ಗೊತ್ತಿಲ್ಲದವರ ಮುಂದೆ ಟೈರಿನ ಮೇಲೆ ಕೂತು ಅಳುತ್ತೀಯ. ಸಮಿತಿಯ ಕೋಣೆಯಲ್ಲಿ, ನೀನೇ ಅಕ್ಷರ ಕಲಿಸಿದವರ ಮುಂದೆ, ಬಾಯಿ ತೆರೆಯಲು ನಿನಗೆ ಆಗುವುದಿಲ್ಲ. ಇದನ್ನು ಯಾವ ವ್ಯಾಕರಣದಲ್ಲಿ ಸೇರಿಸಲಿ?

ಇಲ್ಲಿ ರಸ್ತೆಯ ಪಕ್ಕ ನಾಲ್ಕು ತಗಡು ಹಾಕಿಕೊಂಡಿದ್ದೇನೆ. ನೀರಿನ ಪಂಪು, ಮೊಪೆಡ್ಡು, ಏನು ಬಂದರೂ ಮಾಡುತ್ತೇನೆ. ಅರವತ್ತೇಳನೇ ವಯಸ್ಸಿನಲ್ಲಿ ಹೊಸ ಊರಿನಲ್ಲಿ ಒಬ್ಬೊಬ್ಬರಿಗೂ "ನಂಗೆ ಕೆಲ್ಸ ಬರ್ತದೆ" ಎಂದು ಹೇಳಿ ನಂಬಿಸಬೇಕಾಗಿದೆ. ಅದು ಹೇಗಿರುತ್ತದೆ ಎಂದು ನೀನೊಮ್ಮೆ ಯೋಚಿಸು. ಅಳುವುದು ಬೇಡ, ಯೋಚಿಸು.

ಬುಡನ್

•

ಗುಬ್ಬಿ
24 ಜೂನ್ 2024

ಬುಡನ್,

ನಿನ್ನೆ ಭಾನುವಾರ ಭವನದಲ್ಲಿ ಸಮಾಜದ ವಾರ್ಷಿಕ ಸಭೆ ಇತ್ತು. ಇನ್ನೂರು ಜನ ಸೇರಿದ್ದರು. ಕಾರ್ಯದರ್ಶಿಯಾಗಿ ವರ್ಷದ ತೀರ್ಮಾನಗಳನ್ನು ಓದುವುದು ನನ್ನ ಕೆಲಸ. ನವೆಂಬರಿನ ತೀರ್ಮಾನ ಬಂತು. "ಸರ್ವಾನುಮತದಿಂದ" ಎಂಬಲ್ಲಿ ನಿಲ್ಲಿಸಿದೆ.

ಅಲ್ಲಿಂದ ಮುಂದೆ ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿದೆ. ಇದು ಸರ್ವಾನುಮತ ಅಲ್ಲ, ನಾನು ಒಪ್ಪಿರಲಿಲ್ಲ, ಒಪ್ಪದೆಯೇ ಕೈ ಎತ್ತಿದೆ, ಒಪ್ಪದೆಯೇ ನನ್ನ ಕೈಯಿಂದ ಬರೆದೆ ಎಂದೆ. "ಸಮಾಜದವರಲ್ಲದವರು" ಎಂದು ಬರೆದಿರುವ ಕಡೆ ಒಬ್ಬ ಮನುಷ್ಯನ ಹೆಸರಿದೆ, ಬುಡನ್ ಸಾಬ್ ಎಂದು, ಈ ಭವನಕ್ಕೆ ಮೊದಲ ಗೇಟು ಬೆಸುಗೆ ಹಾಕಿ ಕೊಟ್ಟವನು ಅವನು ಎಂದೆ. ಮೈಕು ಕೀಚಲು ಸದ್ದು ಮಾಡಿತು. ಸಿದ್ದಯ್ಯನವರು ನನ್ನ ಶಲ್ಯ ಎಳೆದು, "ಮೇಷ್ಟ್ರೇ, ಹಳೇದೆಲ್ಲ ಈಗ್ಯಾಕೆ? ಬುಡಿ, ಊಟಕ್ಕೆ ಹೊತ್ತಾಯ್ತು," ಎಂದರು. ಹಿಂದಿನಿಂದ ಒಬ್ಬ, "ಅಷ್ಟು ಪ್ರೀತಿ ಇದ್ರೆ ನಿಮ್ಮನೆ ಬಿಟ್ಕೊಡಿ!" ಎಂದು ಕೂಗಿದ. ನಗು. ನಕ್ಕವರಲ್ಲಿ ಅರ್ಧ ಜನಕ್ಕೆ ಸಂಧಿ ಸಮಾಸ ಕಲಿಸಿದವನು ನಾನೇ.

ನನ್ನ ಮಾತನ್ನು ಪುಸ್ತಕದಲ್ಲಿ ದಾಖಲಿಸಬೇಕು ಎಂದೆ. ಆಗುವುದಿಲ್ಲ ಎಂದರು. ಹಾಗಾದರೆ ನಾನೇ ಬರೆಯುತ್ತೇನೆ ಎಂದು ಅಲ್ಲೇ, ಎಲ್ಲರ ಎದುರಿಗೆ ಬರೆದು, ಕೆಳಗೆ ಸಹಿ ಹಾಕಿ, ಪುಸ್ತಕ ಮೇಜಿನ ಮೇಲಿಟ್ಟು ರಾಜೀನಾಮೆ ಕೊಟ್ಟು ಬಂದೆ. ಹೆಂಗಸರ ಕಡೆಯಿಂದ ಉಮಾ ಒಬ್ಬಳೇ ಎದ್ದು ನನ್ನ ಹಿಂದೆ ಬಂದಳು. ಬಾಗಿಲ ಹತ್ತಿರ ಚಪ್ಪಲಿ ರಾಶಿಯಲ್ಲಿ ನಮ್ಮವು ಸಿಗದೆ ಬರಿಗಾಲಲ್ಲೇ ಮನೆಗೆ ಬಂದೆವು.

ಇದರಿಂದ ನಿನಗೆ ಏನೂ ಸಿಗಲಿಲ್ಲ. ನಾಲ್ಕನೇ ನಂಬರಿನಲ್ಲಿ ಮೊಬೈಲ್ ಕವರ್ ಮಾರುವವನು ಇದ್ದಾನೆ, ಇರುತ್ತಾನೆ. ಸಿದ್ದಯ್ಯನವರ ಕಡೆಯಿಂದ ಇವತ್ತು ಬೆಳಿಗ್ಗೆಯೇ ಸಂಬಂಧ ಬೇಡವೆಂದು ಫೋನ್ ಬಂತು. ಭೂಮಿಕಾಳಿಗೆ ಹೇಳಲು ಹೆದರಿದ್ದೆ. ಅವಳು ಕೇಳಿ, "ಆ ಹುಡುಗನ್ನ ನಾನ್ ಯಾವತ್ತು ಒಪ್ಪಿದ್ದೆ? ನೀವೇ ಒಪ್ಕೊಂಡು ನೀವೇ ಹೆದರ್ಕೊಂಡು ಕೂತಿದ್ರಿ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಏಳು ತಿಂಗ್ಳು ಲೇಟು, ಅಪ್ಪ," ಎಂದಳು. ನಿನ್ನ ಬಾಯಿಯೇ ಅವಳಿಗೆ.

ಕ್ಷಮಿಸು ಎಂದು ಬರೆಯಲು ಮೂರು ಹಾಳೆ ಹರಿದೆ. ಆ ಪದವನ್ನು ಇಷ್ಟು ವರ್ಷ ಮಕ್ಕಳಿಗೆ ಪಾಠ ಮಾಡಿ ಸವೆಸಿಬಿಟ್ಟಿದ್ದೇನೆ. ನಾನು ಅಲ್ಲಿಗೆ ಬರಲೇ? ಬರಬೇಡ ಎನ್ನುವುದಾದರೆ ಅದನ್ನೂ ಬರೆ.

ಲಿಂಗ

•

ಕೊತ್ತಗೆರೆ
6 ಜುಲೈ 2024

ಲಿಂಗ,

ಸಭೆಯ ಸುದ್ದಿ ನಿನ್ನ ಕಾಗದಕ್ಕಿಂತ ಮೊದಲೇ ಬಂದಿತ್ತು. ಗುಬ್ಬಿಯ ಕೊಬ್ಬರಿ ಲಾರಿಯವರು ಎರಡು ದಿನ ಮುಂಚೆಯೇ ಹೇಳಿದ್ದರು. ಬರಿಗಾಲಲ್ಲಿ ಬಂದದ್ದನ್ನೂ ಹೇಳಿದರು.

ಶಾಲು ಹೊದಿಸುತ್ತೇನೆಂದು ಕಾಯಬೇಡ. ನವೆಂಬರಿನಲ್ಲಿ ಹೇಳಬೇಕಾದದ್ದನ್ನು ಜೂನಿನಲ್ಲಿ ಹೇಳಿದವನಿಗೆ ನಮ್ಮ ಕೆಲಸದಲ್ಲಿ ಒಂದು ಮಾತಿದೆ: ಎಂಜಿನ್ ಸುಟ್ಟ ಮೇಲೆ ಆಯಿಲ್ ಹಾಕಿದವನು. ನನ್ನ ಮೂವತ್ತೊಂದು ವರ್ಷ ಹೋಯಿತು. ನಿನ್ನ ಸಹಿಯಿಂದ ಹೋದದ್ದು ನಿನ್ನ ಸಹಿಯಿಂದ ಬರುವುದಿಲ್ಲ. ನಿನ್ನ ಮೇಲಿನ ತಿರಸ್ಕಾರ ನನಗೆ ಇನ್ನೂ ಹೋಗಿಲ್ಲ, ಸದ್ಯಕ್ಕೆ ಹೋಗುವ ಹಾಗೂ ಕಾಣುವುದಿಲ್ಲ. ರಾತ್ರಿ ಊಟಕ್ಕೆ ಕೂತಾಗ ಆ ನೋಟೀಸಿನ ಅಕ್ಷರ ಈಗಲೂ ಕಣ್ಣಿಗೆ ಬರುತ್ತದೆ. ಇದನ್ನು ಮುಚ್ಚಿಟ್ಟು ನಿನ್ನ ಜೊತೆ ನಗಲು ನನಗೆ ಬರುವುದಿಲ್ಲ.

ಶಕೀಲಾ ಬೆಳಿಗ್ಗೆಯಿಂದ ಸುತ್ತಮುತ್ತ ಓಡಾಡುತ್ತಿದ್ದಾಳೆ. "ಅಬ್ಬಾ, ಏನ್ ಬರೀತಿದೀಯ? ಬರ್ಲಿ ಅಂತ ಬರಿ." "ನಿಂದೇನಮ್ಮ ಮಧ್ಯದಲ್ಲಿ?" ಎಂದರೆ, "ನಾನು ಬರಿಯೋದು ಕಲ್ತಿದ್ದೇ ಅವ್ರತ್ರ," ಎನ್ನುತ್ತಾಳೆ. ಅಶ್ಫಾಕನೂ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ ನಿನ್ನ ಮರೆವು ಹೇಗಿದೆ ಎಂದು ಕೇಳುತ್ತಾನೆ. ಔಷಧಿ ನಡೀತಾ ಇದೆ ಎಂದಿದ್ದೇನೆ.

ಬರಲೇ ಎಂದು ಕೇಳಿದ್ದೀಯ. ಗೆಳೆಯನಾಗಿ ಬಾ ಎನ್ನಲು ನನ್ನ ಬಾಯಿ ಇನ್ನೂ ಏಳುವುದಿಲ್ಲ. ಆದರೆ ನನ್ನದು ಅಂಗಡಿ. ಗಾಡಿ ತಂದವನು ಯಾರು, ಯಾವ ಸಮಾಜದವನು ಎಂದು ಕೇಳಿ ಕೆಲಸ ಮಾಡುವ ಪದ್ಧತಿ ಗುಬ್ಬಿಯಲ್ಲೂ ನನ್ನ ಹತ್ತಿರ ಇರಲಿಲ್ಲ, ಇಲ್ಲೂ ಇಲ್ಲ. ಸಿರೊಂಚಾದಲ್ಲಿ ಹಾಕಿದ್ದು ಬೇರೆ ಗಾಡಿಯ ಕೇಬಲ್, ಮಳೆಗಾಲದಲ್ಲಿ ನಿಲ್ಲುವುದಿಲ್ಲ. ಗಿರಾಕಿಯಾಗಿ ತಗೊಂಡು ಬಾ. ಮುಂದೆ ಗಾಡಿಗಳಿದ್ದರೆ ಸರದಿಯಲ್ಲಿ ನಿಲ್ಲಬೇಕು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿರುತ್ತೇನೆ, ಆಗ ಬಂದರೆ ಹೊರಗೆ ಕಲ್ಲಿನ ಮೇಲೆ ಕೂತು ಕಾಯಬೇಕು. ತಂಗಿ ಉಮಾಳನ್ನು ಹಿಂದೆ ಕೂರಿಸಿಕೊಂಡು ಬಾ, ಅವಳ ಜೊತೆ ನನಗೆ ಯಾವ ಜಗಳವೂ ಇಲ್ಲ.

ಇನ್ನು ಮೇಲೆ ಕಾಗದ ಬರೆಯಬೇಡ. ಬಂದರೂ ಒಡೆಯುವುದಿಲ್ಲ. ಬರೆಯುವುದು ನಿನಗೆ ಯಾವಾಗಲೂ ಸುಲಭ. ಹೇಳುವುದೇನಾದರೂ ಇದ್ದರೆ ಇಲ್ಲಿ ಬಂದು, ನನ್ನ ಮುಖ ನೋಡಿಕೊಂಡು ಹೇಳು.

ಬುಡನ್